ಶಂಬೂಕ ಪ್ರಸಂಗ ಮತ್ತು ತರಗತಿಯ ಚರ್ಚೆ

ಕುವೆಂಪು ಅವರ ‘ಶೂದ್ರ ತಪಸ್ವಿ’ (1944) ನಾಟಕದ ಬೋಧನೆಯಲ್ಲಿ ಒಂದು ತೊಡಕಿದೆ. ಜಾತಿಯ ಅಹಂಕಾರ ಸಲ್ಲದೆಂಬ ಅದರ ಆಶಯವನ್ನು ಇಂದಿನ ವಿದ್ಯಾರ್ಥಿ ಮೊದಲೇ ಒಪ್ಪಿರುತ್ತಾನೆ, ಇಲ್ಲವೇ ಪರೀಕ್ಷೆಯ ಮಟ್ಟಿಗೆ ಒಪ್ಪುತ್ತಾನೆ. ಅಧ್ಯಾಪಕರು ಆ ತೀರ್ಮಾನವನ್ನೇ ಅವನ ಬಾಯಿಂದ ಹೇಳಿಸಿ ಪಾಠ ಮುಗಿಸಿದರೆ ಅಲ್ಲಿ ನಡೆದದ್ದು ಚರ್ಚೆಯಲ್ಲ, ಅನುಮೋದನೆ. ಹೊಸ ವಿಚಾರವೊಂದು ತಾನು ಎದುರಿಸಿದ ಪ್ರತಿರೋಧದಿಂದ ಬೇರ್ಪಟ್ಟಾಗ ಬರಿಯ ಸುಭಾಷಿತವಾಗಿ ಉಳಿಯುತ್ತದೆ.

ಆ ಪ್ರತಿರೋಧ ನಮ್ಮ ವಿಮರ್ಶೆಯಲ್ಲಿ ದಾಖಲಾಗಿದೆ. ಪುರಾಣದ ಕಥೆಯನ್ನು ಹೀಗೆ ಮಾರ್ಪಡಿಸುವುದು ಉಚಿತವೇ ಎಂದು ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಉತ್ತರಿಸಿದರು. ಮಾಸ್ತಿಯವರನ್ನು ಸಂಪ್ರದಾಯಸ್ಥರೆಂದು ಕರೆದು ಈ ವಾಗ್ವಾದವನ್ನು ದಾಟಿಬಿಡುವುದು ಸುಲಭ. ಆದರೆ ಪುನಾರಚನೆಗೆ ಮಿತಿಯುಂಟೇ ಎಂಬ ಅವರ ಪ್ರಶ್ನೆ ಸಾಹಿತ್ಯಕವಾದುದು, ಇನ್ನೂ ಜೀವಂತವಾದುದು. ಮಾಸ್ತಿಯವರೇ ಒಪ್ಪುವಷ್ಟು ನ್ಯಾಯವಾಗಿ ಅವರ ವಾದವನ್ನು ನಿರೂಪಿಸಿದ ಮೇಲೆಯೇ ಅದನ್ನು ಖಂಡಿಸಬಹುದೆಂಬ ಕಟ್ಟುಪಾಡು ತರಗತಿಗೆ ಹಿತಕರ.

ಹೊರನಾಡಿನ ತರಗತಿಗೆ ಇಲ್ಲೊಂದು ಅನುಕೂಲವಿದೆ. ಅಲ್ಲಿ ಬಹುಭಾಷಿಕ ವಿದ್ಯಾರ್ಥಿಗಳಿರುವುದರಿಂದ ಒಂದೇ ಪ್ರಸಂಗದ ನಾಲ್ಕು ರೂಪಗಳನ್ನು ಒಟ್ಟಿಗೆ ಇಡಬಹುದು. ಉತ್ತರಕಾಂಡದ ರಾಮ ಶಂಬೂಕನ ತಲೆ ಕಡಿಯುತ್ತಾನೆ. ಸತ್ತ ಬಾಲಕ ಬದುಕುತ್ತಾನೆ. ಭವಭೂತಿಯ ‘ಉತ್ತರರಾಮಚರಿತ’ದಲ್ಲಿ ರಾಮನ ಕೈ ಹಿಂಜರಿಯುತ್ತದೆ, ಹತನಾದ ಶಂಬೂಕ ದಿವ್ಯಪುರುಷನಾಗುತ್ತಾನೆ. ತ್ರಿಪುರನೇನಿ ರಾಮಸ್ವಾಮಿ ಚೌಧರಿಯವರ ತೆಲುಗು ನಾಟಕ ‘ಶಂಬೂಕ ವಧ’ (1920) ಸಾವನ್ನು ಉಳಿಸಿಕೊಂಡು ಅದನ್ನೇ ಆರೋಪಪಟ್ಟಿಯಾಗಿಸುತ್ತದೆ. ಕುವೆಂಪು ಅವರಲ್ಲಾದರೋ ರಾಮನ ಅಸ್ತ್ರ ಬ್ರಾಹ್ಮಣನತ್ತಲೇ ತಿರುಗುತ್ತದೆ; ಅವನು ತಪಸ್ವಿಗೆ ತಲೆಬಾಗುತ್ತಾನೆ.

ಹೀಗೆ ಹೋಲಿಸಿದಾಗ ನಿಜವಾದ ಪ್ರಶ್ನೆ ಏಳುತ್ತದೆ: ಕುವೆಂಪು ಶಂಬೂಕನನ್ನು ಉಳಿಸಿದರೋ, ರಾಮನನ್ನು ಉಳಿಸಿದರೋ? ಎರಡನ್ನೂ ಎಂಬುದು ನನ್ನ ಅಭಿಪ್ರಾಯ. ರಾಮನನ್ನು ಕೈಬಿಡದೆಯೇ ಭಕ್ತ ಓದುಗನನ್ನು ಪಶ್ಚಾತ್ತಾಪದತ್ತ ಒಯ್ಯುವುದು ನಾಟಕದ ಶಕ್ತಿ. ಆದರೆ ಇದಕ್ಕೆ ತೆತ್ತ ಬೆಲೆಯೂ ಉಂಟು: ದೋಷವೆಲ್ಲ ಒಬ್ಬ ಬ್ರಾಹ್ಮಣನ ಅಜ್ಞಾನದ ಮೇಲೆ ಬಿದ್ದು, ದಂಡಿಸುವ ರಾಜಾಧಿಕಾರ ವಿಚಾರಣೆಯಿಂದ ಪಾರಾಗುತ್ತದೆ. ತ್ರಿಪುರನೇನಿಯವರನ್ನು ಓದಿದ ವಿದ್ಯಾರ್ಥಿಗೆ ಈ ಕೊರತೆ ತಾನಾಗಿಯೇ ಕಂಡೀತು.

ಇಂತಹ ಚರ್ಚೆಗೆ ಒಂದು ಮೇರೆ ಅಗತ್ಯ. ಶೂದ್ರನಿಗೆ ತಪಸ್ಸಿನ ಅಧಿಕಾರವಿತ್ತೇ ಎಂಬುದನ್ನು ಪರ-ವಿರೋಧಗಳ ಸ್ಪರ್ಧೆಯಾಗಿಸಕೂಡದು; ಅವಮಾನವನ್ನು ಅನುಭವಿಸಿ ಬಂದ ವಿದ್ಯಾರ್ಥಿಯನ್ನು ತನ್ನ ಸಮುದಾಯದ ಸಾಕ್ಷಿಯಾಗಿ ನಿಲ್ಲಿಸಲೂ ಕೂಡದು. ಮನುಷ್ಯನ ಘನತೆ ಚರ್ಚೆಯ ವಿಷಯವಲ್ಲ, ಅದರ ಆಧಾರ. ಆ ಘನತೆಯನ್ನು ಒಂದು ಕೃತಿ ಎಷ್ಟರಮಟ್ಟಿಗೆ ಸಾಧಿಸಿತು, ಎಲ್ಲಿ ಹಿಂಜರಿಯಿತು ಎಂಬುದೇ ವಿಷಯ. ಕುವೆಂಪು ಅವರನ್ನೂ ಪ್ರಶ್ನಿಸಬಹುದೆಂದು ತಿಳಿದ ತರಗತಿ ಮಾತ್ರ ಅವರ ವೈಚಾರಿಕತೆಗೆ ವಾರಸುದಾರನಾಗಬಲ್ಲದು.