ಇಬ್ಬರು ಭಾಗೀರಥಿಯರು

ನೀರನ್ನು ಕುರಿತ ಕಾವ್ಯವು ಕನ್ನಡದಲ್ಲಿ ವಿಪುಲವಾಗಿರುವದು. ಆದರೆ ಊರಿಗೆ ನೀರು ಬರುವಾಗ ಅದರ ಬೆಲೆಯನ್ನು ಯಾರ ಮೈ ತೆರುವದೆಂಬ ಪ್ರಶ್ನೆಯನ್ನೆತ್ತಿದ ಕೃತಿಗಳು ವಿರಳ. ಈ ದೃಷ್ಟಿಯಿಂದ ದ. ರಾ. ಬೇಂದ್ರೆಯವರ ‘ಗಂಗಾವತರಣ’ವನ್ನೂ, ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಉಳಿದುಬಂದ ‘ಕೆರೆಗೆ ಹಾರ’ವೆಂಬ ಕಥನಗೀತವನ್ನೂ ಜೊತೆಗಿಟ್ಟು ಓದುವದು ಉಚಿತ. ಎರಡರಲ್ಲಿಯೂ ಭಾಗೀರಥಿಯೇ ನಾಯಿಕೆ. ಒಬ್ಬಳು ದೇವನದಿ, ಇನ್ನೊಬ್ಬಳು ಗೌಡನ ಮನೆಯ ಕಿರಿಸೊಸೆ.

ಧಾರವಾಡದ ಸಾಧನಕೇರಿಯಲ್ಲಿ ಬಾಳಿದ ಬೇಂದ್ರೆಯವರಿಗೆ (1896–1981) ಕೆರೆಯು ನಿತ್ಯದ ನೆರೆಯಾಗಿತ್ತು. 1951ರ ಸಂಗ್ರಹಕ್ಕೆ ಹೆಸರಿತ್ತ ಅವರ ಗೀತದಲ್ಲಿ ಗಂಗೆಯು ವಿಷ್ಣುವಿನ ಪಾದ, ಶಿವನ ಜಟೆ, ಮುನಿಯ ಊರು, ಇವುಗಳನ್ನು ದಾಟಿ ನೆಲಕ್ಕೆ ಬರಬೇಕೆಂದು ಮೊರೆಯಿಡಲಾಗಿದೆ. ನೀರಿನ ಹಾದಿಯು ಅಲ್ಲಿ ದೇಹದ ಹಾದಿಯೇ ಆಗಿರುವದು. ಛಂದಸ್ಸಿನ ಇಳಿಜಾರಿನಲ್ಲಿ ಓದುವವನ ಉಸಿರೂ ಪ್ರವಾಹದೊಡನೆ ಓಡುವದು. ಇದು ಆ ಗೀತದ ಸಿದ್ಧಿ. ಆದರೆ ಆ ದಿವ್ಯದೇಹಗಳಿಗೆ ನೀರಿನಿಂದ ನೋವಿಲ್ಲ. ಅಲ್ಲಿ ಬೇಡಿಕೆಯುಂಟು, ಬೆಲೆಯಿಲ್ಲ.

ಜನಪದ ಗೀತದಲ್ಲಿ ಕಲ್ಲನಕೇರಿಯ ಮಲ್ಲನಗೌಡನು ಕೆರೆ ಕಟ್ಟಿಸುವನು, ನೀರು ಬೀಳದು. ಸೊಸೆಯನ್ನು ಹಾರಗೊಡಬೇಕೆಂಬ ಮಾತು ಬಂದಾಗ, ಹಿರಿಯವಳು ಮನೆತನಕ್ಕೆ ಬೇಕೆಂದು ಕಿರಿಯವಳನ್ನು ಗೊತ್ತುಮಾಡುವರು. ಭಾಗೀರಥಿಯು ತವರಿನವರಿಗೆ ನಿಜವನ್ನು ಹೇಳದೆ, ಗೆಳತಿಗೆ ಮಾತ್ರ ಹೇಳುವಳು. ಪೂಜೆ ಮುಗಿದ ಬಳಿಕ, ಮರೆತುಬಂದ ಬಂಗಾರದ ಬಟ್ಟಲಿಗಾಗಿ ಅವಳೊಬ್ಬಳೇ ಕೆರೆಗೆ ಮರಳುವಳು. ಅವಳು ಮೆಟ್ಟಿಲೇರಿದಂತೆ ನೀರೂ ಏರುವದು. ಮೊದಲು ಪಾದಕ್ಕೆ, ಮುಂದೆ ನಡುವಿಗೆ. ಕೆರೆಯು ತುಂಬಿತೆಂಬದನ್ನು ಅಳೆಯಲು ಕವಿಗೆ ಬೇರೆ ಮಾನದಂಡವೇ ಇಲ್ಲ. ಹೆಣ್ಣಿನ ದೇಹವೇ ಅಳತೆಗೋಲು.

ಈ ಗೀತವನ್ನು ತ್ಯಾಗದ ಆದರ್ಶವೆಂದು ಕೊಂಡಾಡುವ ವಾಡಿಕೆಯುಂಟು. ಆ ಹೊಗಳಿಕೆ ಗೀತಕ್ಕೆ ನ್ಯಾಯವನ್ನೀಯಲಾರದು. ಆಯ್ಕೆ ಮಾಡಿದವರು ಹಿರಿಯರು. ಅವಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ತವರಿನಲ್ಲಿ ಅವಳು ತೋರಿದ ಮೌನವನ್ನು ಸಂತೋಷದ ಸಮ್ಮತಿಯೆಂದು ಓದುವದು ಗೌಡನ ಪರವಾಗಿ ಓದಿದಂತೆ. ಕವಿಯು ಯಾರನ್ನೂ ಬಯ್ಯುವದಿಲ್ಲವಾದರೂ, ದಂಡಿನಿಂದ ಮರಳಿದ ಗಂಡನು ಅದೇ ಕೆರೆಗೆ ಹಾರುವದರಲ್ಲಿ ಗೀತದ ತೀರ್ಪು ಅಡಗಿದೆ. ನೀರು ಬಂದಿತು; ಮನೆಯು ಉಳಿಯಲಿಲ್ಲ.

ಹುಬ್ಬಳ್ಳಿ-ಧಾರವಾಡದ ವಾಚಕರಿಗೆ ಇದು ಬರಿಯ ಸಾಹಿತ್ಯವಿಚಾರವಲ್ಲ. 1962ರಲ್ಲಿ ಒಂದೇ ಮಹಾನಗರಪಾಲಿಕೆಯಾಗಿ ಕೂಡಿದ ಈ ಅವಳಿ ನಗರಕ್ಕೆ, ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ತಡೆದ ಮಲಪ್ರಭೆಯ ನೀರು ಕೊಳವೆಗಳಲ್ಲಿ ಬರುವದು. ದೂರದ ಹೊಳೆಯು ಮನೆಯ ನಳದಲ್ಲಿ ಇಳಿದಾಗ ಗಂಗಾವತರಣವೇ ಆದಂತೆ ತೋರಿದರೆ ತಪ್ಪಲ್ಲ. 2008ರಲ್ಲಿ ನಗರದ ಕೆಲವು ಭಾಗಗಳಿಗೆ ದಿನದ 24 ತಾಸೂ ನೀರು ಕೊಡುವ ಪ್ರಯೋಗ ಮೊದಲಾಯಿತು. ಅದು ಮುಟ್ಟದ ಕೇರಿಗಳಲ್ಲಿ ನೀರಿನ ಪಾಳಿಗಾಗಿ ಕಾಯುವದು, ಕೊಡ ತುಂಬುವದು, ಹೊರುವದು ಬಹುಮಟ್ಟಿಗೆ ಹೆಂಗಸರ ಪಾಲಿಗೇ ಉಳಿಯಿತು.

ಕೊಡ ಹೊತ್ತ ಆ ನಡುವಿಗೆ ಬೇಂದ್ರೆಯವರ ಗೀತದಲ್ಲಿ ಎಡೆಯಿಲ್ಲ. ಅದರ ದೃಷ್ಟಿಯು ಮೇಲಿನಿಂದಿಳಿವ ಕೃಪೆಯ ಕಡೆಗಿದೆ. ಹೆಸರಿಲ್ಲದ ಜನಪದ ಕವಿಯ ದೃಷ್ಟಿಯಾದರೋ ಕೆರೆಯ ಮೆಟ್ಟಿಲ ಮೇಲೆ ನಿಂತಿದೆ. ಕಾವ್ಯಗುಣದಲ್ಲಿ ಯಾವದು ಮೇಲೆಂಬ ವಾದವು ಇಲ್ಲಿ ಅನಾವಶ್ಯಕ. ‘ಗಂಗಾವತರಣ’ವನ್ನು ಹಾಡುವ ಸಭೆಗಳಲ್ಲಿ ‘ಕೆರೆಗೆ ಹಾರ’ವನ್ನೂ ಹಾಡಿಸಿದರೆ, ನೀರನ್ನು ಬೇಡುವ ಊರು ಆ ನೀರಿನ ಋಣವನ್ನೂ ಕೇಳಿಕೊಂಡಂತಾದೀತು.