ಖಗೇಂದ್ರಮಣಿದರ್ಪಣವೂ ವಿಷದ ನೆಲೆಯೂ

೧೪ನೆಯ ಶತಮಾನದ ಜೈನಕವಿ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯವನ್ನು ಕನ್ನಡ ಪದ್ಯಗಳಲ್ಲಿ ನಿರೂಪಿಸಿದ ಅಪೂರ್ವ ಗ್ರಂಥವು. ಶಾಸ್ತ್ರವನ್ನು ಹೇಳುತ್ತಲೂ ಪದ್ಯದ ಬಿಗಿಯನ್ನು ಬಿಟ್ಟುಕೊಡದ ಈತನ ಸಾಮರ್ಥ್ಯವು ನಿರ್ವಿವಾದ. ಆದರೆ ಇದರಲ್ಲಿ ಆಧುನಿಕ ವಿಜ್ಞಾನವೆಲ್ಲವೂ ಅಡಗಿದೆಯೆಂಬ ಅಭಿಮಾನವು ವಿಮರ್ಶೆಗೆ ನಿಲ್ಲಲಾರದು.

ಹೆಡೆಯುಳ್ಳ ಹಾವಿನ ವಿಷಕ್ಕೆ ವಾತವನ್ನೂ ಮಂಡಲದ ವಿಷಕ್ಕೆ ಪಿತ್ತವನ್ನೂ ಹೇಳಿದ ಪ್ರಾಚೀನ ವಿಷತಂತ್ರವು ಲಕ್ಷಣಭೇದವನ್ನು ಚೆನ್ನಾಗಿ ಕಂಡಿತ್ತು. ವಿಷವು ದೇಹದಲ್ಲಿ ಎಲ್ಲಿ ನಾಟುವುದೆಂಬುದನ್ನು ಕಾಣಲಿಲ್ಲ. ೧೯೦೫ರಲ್ಲಿ ಕೇಂಬ್ರಿಜ್ಜಿನ ಲ್ಯಾಂಗ್ಲಿಯು, ನಿಕೋಟಿನ್ ಮತ್ತು ಕ್ಯುರಾರಿ ವಿಷಗಳನ್ನು ಪರೀಕ್ಷಿಸಿ, ಅವುಗಳನ್ನು ಸ್ವೀಕರಿಸುವ ವಸ್ತುವೊಂದು ಸ್ನಾಯುವಿನಲ್ಲಿಯೇ ಇರುವುದೆಂದು ಪ್ರತಿಪಾದಿಸಿದನು. ಅದೇ ಇಂದಿನ ಗ್ರಾಹಕ. ನಾಗರಹಾವಿನ ವಿಷದೊಳಗಿನ ಒಂದು ಬಗೆಯ ಪ್ರೋಟೀನು ಈ ಗ್ರಾಹಕಕ್ಕೆ ಅಂಟಿಕೊಂಡು, ನರವು ಕಳುಹಿಸುವ ಅಸಿಟೈಲ್‌ಕೋಲೀನಿಗೆ ಎಡೆಗೊಡದು. ಮೊದಲು ರೆಪ್ಪೆಗಳು ಜೋಲುವುವು, ಕಡೆಗೆ ಉಸಿರಾಟವೇ ನಿಲ್ಲುವುದು. ಮಂಡಲದ ವಿಷವಾದರೋ ಮುಖ್ಯವಾಗಿ ರಕ್ತವನ್ನು ಕೆಡಿಸುವುದು.

ಇದು ಬರಿಯ ಪಂಡಿತಚರ್ಚೆಯಲ್ಲ. ಹಿಂಡಲಗಾದ ಹೊಲದಲ್ಲಿ ನಾಗರಹಾವು ಕಚ್ಚಿದ ರೈತನಿಗೆ ಗ್ರಂಥದ ಮೂಲಿಕೆಗಳನ್ನು ಅರೆಯುತ್ತ ಹೊತ್ತುಗಳೆದರೆ, ಅಷ್ಟರಲ್ಲಿ ವಿಷವು ಗ್ರಾಹಕವನ್ನು ಸೇರಿರುವುದು. ಪ್ರತಿವಿಷದ ಚುಚ್ಚುಮದ್ದು ರಕ್ತದಲ್ಲಿ ಸಂಚರಿಸುವ ವಿಷವನ್ನು ಹಿಡಿಯಬಲ್ಲುದಲ್ಲದೆ, ಅಂಟಿಕೊಂಡುದನ್ನು ಸುಲಭವಾಗಿ ಬಿಡಿಸಲಾರದು.