ದತ್ತಪರಿವರ್ತನೆಯಲ್ಲಿ ಸ್ಥಾನಿ ಮತ್ತು ಆದೇಶ

ಡೇಟಾಬೇಸಿನಲ್ಲಿರುವ ಮೌಲ್ಯವನ್ನು ಪ್ರೋಗ್ರಾಮಿನ ಭಾಷೆಗೆ ಒಪ್ಪುವ ರೂಪದಲ್ಲಿ ತಂದೊಪ್ಪಿಸುವುದು ಕ್ಲೈಂಟ್ ಲೈಬ್ರರಿಯ ಕಾರ್ಯ. ಅಲ್ಲಿಯ ಮೌಲ್ಯವು ಸ್ಥಾನಿ. ಇಲ್ಲಿ ಬರತಕ್ಕುದು ಆದೇಶ. ಆದೇಶವು ಸ್ಥಾನಿಯಂತೆಯೇ ನಡೆಯತಕ್ಕುದೆಂದು ವಿಧಿಸಿದ ಪಾಣಿನಿಯು ವರ್ಣಾಶ್ರಿತ ಕಾರ್ಯಗಳಲ್ಲಿ ಮಾತ್ರ ಅದನ್ನು ನಿಷೇಧಿಸಿರುವನು. ಈ ಒರೆಗಲ್ಲಿಗೆ ಹಚ್ಚಿ ನೋಡಲು, ಜಾವಾಸ್ಕ್ರಿಪ್ಟಿನ ಪ್ರೋಗ್ರಾಮುಗಳನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಜೋಡಿಸುವ ನೋಡ್-ಪೋಸ್ಟ್‌ಗ್ರೆಸ್ ಎಂಬ ಲೈಬ್ರರಿಯು ಯೋಗ್ಯವಾಗಿದೆ.

ಪೋಸ್ಟ್‌ಗ್ರೆಸಿನ ಬಿಗ್‌ಇಂಟ್ ಎಂಬುದು 64 ಬಿಟ್ಟುಗಳ ಪೂರ್ಣಾಂಕ. ಅದರ ಪರಮಾವಧಿ 9223372036854775807. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಯಾದರೋ 9007199254740991ರ ಆಚೆಗೆ ಎಲ್ಲ ಪೂರ್ಣಾಂಕಗಳನ್ನೂ ಯಥಾವತ್ತಾಗಿ ಹಿಡಿಯಲಾರದು. 9007199254740993 ಎಂಬುದನ್ನು ಅದರಲ್ಲಿರಿಸಿದರೆ ತುದಿಯ 3 ಹೋಗಿ 2 ಆಗುವುದು; ಹೀಗಾಯಿತೆಂದು ಯಾರೂ ಹೇಳುವುದಿಲ್ಲ. ಈ ಭಯದಿಂದ ಲೈಬ್ರರಿಯು ಬಿಗ್‌ಇಂಟನ್ನು ಸಂಖ್ಯೆಯಾಗಿ ಮಾರ್ಪಡಿಸದೆ ಸ್ಟ್ರಿಂಗಾಗಿ, ಎಂದರೆ ಬರಿಯ ಅಕ್ಷರಪಂಕ್ತಿಯಾಗಿ, ಕೊಡುವುದು.

ಒಂದಂಕಿಯೂ ನಷ್ಟವಾಗದ ಈ ವ್ಯವಸ್ಥೆಯು ಶ್ಲಾಘ್ಯವೇ ಸರಿ. ಆದರೆ ರೂಪವುಳಿದು ಧರ್ಮವು ಹೋಯಿತು. ಸಾಲುಗಳನ್ನೆಣಿಸುವ ಕೌಂಟಿನ ಫಲವೂ ಪೋಸ್ಟ್‌ಗ್ರೆಸಿನಲ್ಲಿ ಬಿಗ್‌ಇಂಟೇ ಆದುದರಿಂದ, ಹತ್ತೇ ಸಾಲುಗಳಿದ್ದರೂ ಬರುವುದು ಸ್ಟ್ರಿಂಗು. ಅದಕ್ಕೆ 1ನ್ನು ಕೂಡಿಸಿದರೆ 11 ಆಗದೆ 101 ಆಗುವುದು. ಅಂತಹ ಎರಡು ಎಣಿಕೆಗಳನ್ನು ಹೋಲಿಸಿದರೆ 9 ಎಂಬುದು 10ಕ್ಕಿಂತ ದೊಡ್ಡದೆನಿಸುವುದು. ಅಂಕಿಗಳನ್ನು ಬರೆದು ತೋರಿಸುವ ವರ್ಣಾಶ್ರಿತ ಕಾರ್ಯದಲ್ಲಿ ಮಾತ್ರ ಈ ಆದೇಶವು ಸ್ಥಾನಿಯಂತಿದೆ, ಉಳಿದೆಡೆಯಲ್ಲಿ ಇಲ್ಲ. ಪಾಣಿನಿಯ ವ್ಯವಸ್ಥೆಯು ಇಲ್ಲಿ ತಲೆಕೆಳಗಾಗಿದೆ!

2020ರಲ್ಲಿ ಜಾವಾಸ್ಕ್ರಿಪ್ಟಿನ ಪ್ರಮಾಣಕ್ಕೇ ಬಿಗ್‌ಇಂಟ್ ಎಂಬ ಪ್ರಕಾರವು ಸೇರಿದ ಮೇಲೆ ಯೋಗ್ಯತರವಾದ ಆದೇಶವು ದೊರೆತಂತಾಯಿತು. ಅದನ್ನು ಸಾಮಾನ್ಯ ಸಂಖ್ಯೆಯೊಡನೆ ಕೂಡಿಸಹೋದರೆ ಪ್ರೋಗ್ರಾಮು ದೋಷವನ್ನು ಸಾರಿ ನಿಲ್ಲುವುದು. ಜೇಸನ್ ರೂಪದಲ್ಲಿ ಬರೆಯಹೋದರೂ ಹಾಗೆಯೇ. ಹಳೆಯ ಪ್ರೋಗ್ರಾಮುಗಳು ಇದರಿಂದ ಕೆಡುವುವೆಂಬ ಆಕ್ಷೇಪವು ನಿಜವಾದರೂ, 101 ಎಂಬ ಉತ್ತರವನ್ನು ನಂಬಿ ಮುಂದೆ ಸಾಗುವುದಕ್ಕಿಂತ ಅದು ಲೇಸು. ಬಳಸುವವನು ತನ್ನದೇ ಪರಿವರ್ತಕವನ್ನು ನೇಮಿಸಿಕೊಳ್ಳಲು ಲೈಬ್ರರಿಯಲ್ಲಿ ಅವಕಾಶವಿದೆ. ಅಲ್ಲಿ ಪಾರ್ಸ್‌ಇಂಟನ್ನು ಇರಿಸಿದವನು ಮಾತ್ರ ಹೊರಗಟ್ಟಿದ ನಷ್ಟವನ್ನೇ ಮರಳಿ ಕರೆತಂದಂತೆ.

ಇಷ್ಟಾದರೂ ಜಾವಾದ ಜೆಡಿಬಿಸಿಯಲ್ಲಿರುವ ಗೆಟ್‌ಇಂಟಿನ ದೋಷಕ್ಕೆ ಹೋಲಿಸಿದರೆ ಇದು ಅಲ್ಪ. ನಲ್ ಎಂಬುದು ಅಭಾವ. ಸೊನ್ನೆಯು ಸಂಖ್ಯೆ, ವೈಶೇಷಿಕರ ಮತದಲ್ಲಿ ಸಂಖ್ಯೆಯು ಗುಣ. ಗೆಟ್‌ಇಂಟ್ ಅಭಾವದ ಸ್ಥಾನದಲ್ಲಿ 0ಯನ್ನು ಆದೇಶಿಸಿ, ಓದಿದ ಮೇಲೆ ವಾಸ್‌ನಲ್ ಎಂಬುದನ್ನು ಕೇಳಿ ತಿಳಿಯಬೇಕೆನ್ನುವುದು. ಕೇಳಲು ಮರೆತರೆ, ಪರೀಕ್ಷೆಗೆ ಬಾರದೆ ಅಂಕವೇ ದಾಖಲಾಗದ ವಿದ್ಯಾರ್ಥಿಯೂ ಬರೆದು ಸೊನ್ನೆ ಪಡೆದವನೂ ಒಂದೇ ಪಂಕ್ತಿಯಲ್ಲಿ ಕುಳಿತಿರುವರು.